ಎಡಗಡೆ ಸ್ಪೀಕರನ್ನು ಮದುವೆ ಮಾಡಿಕೊಟ್ಟ ಕತೆ

ಒಂದಾನೊಂದು ಊರಿನಲ್ಲಿ ಒಂದು ಬಾಗಿಲಿತ್ತು. ಬಾಗಿಲಿದ್ದ ಮೇಲೆ ಅದಕ್ಕೊಂದು ಮನೆ ಬೇಕಲ್ಲ, ಮನೆಯೂ ಇತ್ತು. ಮನೆಯಿದ್ದ ಮೇಲೆ ಅದರಲ್ಲಿ ಯಾರಾದರೂ ಇರಬೇಕಲ್ಲ, ಪಂಕಜಾಕ್ಷಮ್ಮ ಇದ್ದಳು. ಪಂಕಜಾಕ್ಷಮ್ಮ ಇದ್ದ ಮೇಲೆ ಸಿಟ್ಟು ಇರಲೇಬೇಕು. ಅದೂ ಇತ್ತು. ನೆಟ್ಟಗೆ ಕೂತು ಕೇಳಿ. ಗೋಡೆಗೆ ಒರಗಬೇಡಿ.

ಪಂಕಜಾಕ್ಷಮ್ಮ ಕನ್ಯಾಸ್ತ್ರೀಯರ ಶಾಲೆಯಲ್ಲಿ ಓದಿದವಳು. ಕೂರು ಎಂದಾಗ ಕೂರಬೇಕು, ಏಳು ಎಂದಾಗ ಏಳಬೇಕು, ಹೇಳದೆ ಏನನ್ನೂ ಮಾಡಬಾರದು ಎಂದು ಅಲ್ಲಿ ಕಲಿತಿದ್ದಳು. ಅವಳ ಸೀರೆಗೆ ನೆರಿಗೆ ಏಳು. ಆರೂ ಅಲ್ಲ, ಎಂಟೂ ಅಲ್ಲ. ಪ್ರತಿ ತಿಂಗಳ ಮೊದಲ ದಿನ ಬೆಳಗ್ಗೆ ಆರು ಗಂಟೆಗೆ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದಳು. ಆರು ಹೊಡೆದು ಒಂದು ನಿಮಿಷಕ್ಕೆ ತಿರುವಿದ್ದು ಒಂದು ಸಲವೂ ಇಲ್ಲ.

ಅವಳ ನಡುಮನೆಯಲ್ಲಿ ಮೂವರು ವಾಸವಾಗಿದ್ದರು. ಒಬ್ಬ ಬುರುಡೆತಾತ. ಅವನು ಆಂಪ್ಲಿಫೈಯರ್. ಹೊಟ್ಟೆಯೊಳಗೆ ನಾಲ್ಕು ಗಾಜಿನ ಬುರುಡೆ ಕೆಂಪಗೆ ಉರಿಯುವ ಹಳೇ ಕಾಲದವನು. ಸ್ವಿಚ್ ಹಾಕಿದ ಕೂಡಲೇ ಬಾಯಿ ಬಿಡುವವನಲ್ಲ. "ತಡಿಯವ್ವಾ, ಮೈ ಬಿಸಿಯಾಗ್ಲಿ" ಎನ್ನುತ್ತಿದ್ದ. ಐದು ನಿಮಿಷ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಆಮೇಲೆ ಶುರು. ಇನ್ನಿಬ್ಬರು ಅವಳಿಗಳು. ತೇಗದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಒಳಗೆ ಕಾಗದದ ಬಾಯಿ. ಅರವತ್ತು ವರ್ಷದ ಸ್ಪೀಕರುಗಳು. ಎಡಗಡೆ ಕೂರುವವಳು ಎಡಕ್ಕ. ಬಲಗಡೆ ಕೂರುವವಳು ಬಲಕ್ಕ. ಯಾರು ದೊಡ್ಡವಳು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅದಕ್ಕೇ ಇಬ್ಬರೂ ಅಕ್ಕ.

ಮನೆಯಲ್ಲಿ ರೆಕಾರ್ಡ್ ಇದ್ದದ್ದು ಒಂದೇ. ಹಾಡಿದವಳು ಪಂಕಜಾಕ್ಷಮ್ಮನ ತಾಯಿ. ಹಾರ್ಮೋನಿಯಂ ನುಡಿಸಿದವನು ತಂದೆ. ರೆಕಾರ್ಡ್ ಮಾಡುವವರು ಮನೆಗೆ ಬಂದ ದಿನ ಬೆಳಗ್ಗೆ ತಂದೆ, "ಕಾಫಿ ನೀರಾಗಿದೆ" ಎಂದಿದ್ದ. ಮುಗಿಯಿತು. ತಾಯಿ ಹೋಗಿ ನಡುಮನೆಯ ಎಡಮೂಲೆಯಲ್ಲಿ ಕೂತಳು. ತಂದೆ ಹಾರ್ಮೋನಿಯಂ ಎತ್ತಿಕೊಂಡು ಬಲಮೂಲೆಗೆ ಹೋದ. ರೆಕಾರ್ಡ್ ಮಾಡುವವರು ಕೈಮುಗಿದರು, ಕಾಲು ಹಿಡಿದರು. ಇಬ್ಬರೂ ಮೂಲೆ ಬಿಡಲಿಲ್ಲ. ಕೊನೆಗೆ ಅಲ್ಲೊಂದು ಮೈಕು, ಇಲ್ಲೊಂದು ಮೈಕು ಇಟ್ಟರು. ಹಾಗಾಗಿ ಆ ರೆಕಾರ್ಡ್ ಹಾಕಿದರೆ ತಾಯಿಯ ದನಿ ಎಡಕ್ಕನ ಬಾಯಲ್ಲಿ ಮಾತ್ರ ಬರುತ್ತಿತ್ತು. ತಂದೆಯ ಹಾರ್ಮೋನಿಯಂ ಬಲಕ್ಕನ ಬಾಯಲ್ಲಿ ಮಾತ್ರ.

ಹಾಡು ಲಾಲಿ. ಆದರೆ ಸಿಟ್ಟಿನಲ್ಲಿ ಹಾಡಿದ ಲಾಲಿ. ಅದನ್ನು ಕೇಳಿದ ಯಾವ ಮಗುವೂ ಮಲಗುತ್ತಿರಲಿಲ್ಲ. ಮಲಗಿದ್ದದ್ದೂ ಎದ್ದು ನೆಟ್ಟಗೆ ಕೂರುತ್ತಿತ್ತು.

ಹಾಡು ಮುಗಿದ ಮೇಲೆ, ಮೈಕು ಇನ್ನೂ ಕಿವಿ ತೆರೆದಿರುವಾಗಲೇ, ತಾಯಿ ಒಂದು ಮಾತು ಹೇಳಿದ್ದಳು. "ಪಂಕೂ, ಬಾಗಿಲು ಹಾಕು. ನೊಣ ಬರುತ್ತೆ." ಆಗ ಪಂಕುವಿಗೆ ಆರು ವರ್ಷ. ಈಗ ಅರವತ್ತಾರು. ತಾಯಿ ಹೋದಳು, ತಂದೆ ಹೋದ, ಮಾವಂದಿರು ಅತ್ತೆಯಂದಿರು ಒಬ್ಬೊಬ್ಬರಾಗಿ ಹೋದರು. ಪಂಕು ಎಂದು ಕರೆಯುವವರು ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ. ಆ ರೆಕಾರ್ಡ್ ಉಳಿಯಿತು.

ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಪಂಕಜಾಕ್ಷಮ್ಮ ಗಂಜಿ ಹಾಕಿದ ಸೀರೆ ಉಡುತ್ತಿದ್ದಳು. ನೆಲದ ಮೇಲೆ ರಂಗೋಲಿಯಲ್ಲಿ ತ್ರಿಕೋನ ಬರೆಯುತ್ತಿದ್ದಳು. ಒಂದು ಮೂಲೆಗೆ ಎಡಕ್ಕ, ಒಂದು ಮೂಲೆಗೆ ಬಲಕ್ಕ, ಮೂರನೆಯದಕ್ಕೆ ತನ್ನ ಕುರ್ಚಿ. ಮೂರು ಬದಿಯೂ ಆರಾರು ಅಡಿ. ಬೀದಿಬಾಗಿಲು ಪೂರ್ತಿ ತೆರೆದು ಬಂದು ಕೂರುತ್ತಿದ್ದಳು. ತಾತ ಬಿಸಿಯಾಗುತ್ತಿದ್ದ, ತಾಯಿ ಹಾಡುತ್ತಿದ್ದಳು, ತಂದೆ ನುಡಿಸುತ್ತಿದ್ದ. ಕೊನೆಗೆ ಎಡಗಡೆಯಿಂದ ಆ ಮಾತು. ಪಂಕಜಾಕ್ಷಮ್ಮ ಎದ್ದು, "ಹಾಕಿದೆ ಅಮ್ಮ" ಎಂದು ಬಾಗಿಲು ಹಾಕುತ್ತಿದ್ದಳು. ವಾರಕ್ಕೆ ಒಂದೇ ಮಾತು. ಅದರ ಮೇಲೆ ಉಳಿದ ಆರು ದಿನ ನಿಂತಿದ್ದವು.

ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಹಾಳು ಮಾಡಲು ಯಾರು ಬರಬೇಕು? ರಾಜನೇ ಬರಬೇಕು.

ಆ ಊರಿನ ರಾಜ ಕರ್ಣಭೂಷಣ. ಅವನ ಕಿರೀಟ ದೊಡ್ಡದು, ತಲೆ ಚಿಕ್ಕದು. ಕಿರೀಟ ಜಾರಿ ಬಲಗಿವಿಯನ್ನು ಪೂರ್ತಿ ಮುಚ್ಚಿತ್ತು. ಆದರೂ ತನ್ನಷ್ಟು ಸೂಕ್ಷ್ಮವಾಗಿ ಕೇಳುವವರು ಭೂಮಂಡಲದಲ್ಲಿಲ್ಲ ಎಂದು ಅವನ ನಂಬಿಕೆ. ಒಂದು ದಿನ ಬೆಳಗ್ಗೆ ಎದ್ದವನೇ, "ಅರಮನೆಗೆ ಸ್ಟೀರಿಯೋ ಆಗಬೇಕು" ಎಂದ.

ದಿವಾನ್ ಸುಬ್ಬಕೃಷ್ಣಯ್ಯ ಅಂಗಳದಲ್ಲಿ ನೂರೆಂಟು ಆಂಪ್ಲಿಫೈಯರುಗಳನ್ನು ಸಾಲಾಗಿ ಇಡಿಸಿದ. ರಾಜ ಒಂದನ್ನೂ ಹಾಕಿ ಕೇಳಲಿಲ್ಲ. ಅರಮನೆಯ ಪೈಲ್ವಾನನನ್ನು ಕರೆಸಿ ಒಂದೊಂದಾಗಿ ಎತ್ತಿಸಿದ. ಯಾವುದನ್ನು ಎತ್ತಿ ಪೈಲ್ವಾನ ಸೊಂಟ ಹಿಡಿದುಕೊಂಡು ಕೂತನೋ ಅದನ್ನು ಆರಿಸಿದ. "ತೂಕ ನೋಡು ದಿವಾನ, ತೂಕ! ಇದರಲ್ಲಿ ಎಷ್ಟು ಸಂಗೀತ ತುಂಬಿರಬೇಡ!" ಅದಕ್ಕೆ ಚಿರಂಜೀವಿ ಮಹಾಬಲ ಎಂದು ನಾಮಕರಣವಾಯಿತು. ಹಣೆಯ ಮೇಲೆ ನೀಲಿ ದೀಪ. ವಯಸ್ಸು ಆರು ತಿಂಗಳು. ಐನೂರು ವ್ಯಾಟ್.

"ಹುಡುಗ ಮನೆಗೆ ಬಂದ. ಇನ್ನು ಹೆಣ್ಣು ನೋಡಬೇಕು" ಎಂದ ದಿವಾನ. ಆ ರಾಜ್ಯದಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಬೇಕಾದರೂ ಮದುವೆಯ ಶಾಸ್ತ್ರ ಆಗಲೇಬೇಕಿತ್ತು. ಗುಂಡಿಗೂ ಕಾಜಕ್ಕೂ, ಬೀಗಕ್ಕೂ ಕೀಲಿಗೂ, ಎಲ್ಲಕ್ಕೂ. ಎಲ್ಲ ಬರೆದಿಟ್ಟ ಕಟ್ಟಳೆ ಪುಸ್ತಕ ದಿವಾನನ ಕಂಕುಳಲ್ಲೇ ಇರುತ್ತಿತ್ತು.

"ಹೆಣ್ಣು ಹಳೆಯದಿರಬೇಕು" ಎಂದ ರಾಜ. "ಹಳೇ ಮರಕ್ಕೆ ಸಂಸ್ಕಾರ ಇರುತ್ತೆ."

ಏಳುನೂರು ಸ್ಪೀಕರುಗಳು ಬಂದವು. ದಿವಾನ ಒಂದೊಂದನ್ನೂ ತಿರುಗಿಸಿ ಬೆನ್ನು ನೋಡಿದ. ಬೆನ್ನಿನ ಮೇಲೆ ಎಂಟು ಓಮ್ ಎಂದು ಬರೆದಿತ್ತು. ಹಾಗೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನ ಮೇಲೆ ಬರೆದಿದೆ, ಮನೆತನದಿಂದ ಬಂದಿದೆ, ಹಾಗಾದರೆ ಗೋತ್ರವೇ ಇರಬೇಕು ಎಂದುಕೊಂಡ. ಮಹಾಬಲನ ಬೆನ್ನು ನೋಡಿದ. ಅಲ್ಲೂ ಎಂಟು ಓಮ್.

"ಸಗೋತ್ರ!" ಎಂದು ಕಿರುಚಿದ. "ಆಗದು, ಆಗದು! ಅಣ್ಣ ತಂಗಿ ಆಗ್ತಾರೆ!" ಚೆನ್ನಾಗಿ ಹೊಂದುತ್ತಿದ್ದ ಏಳುನೂರನ್ನೂ ಹೊಂದುವುದಿಲ್ಲ ಎಂದು ವಾಪಸ್ಸು ಕಳಿಸಿದರು. ಇಡೀ ರಾಜ್ಯದಲ್ಲಿ ಹದಿನಾರು ಓಮ್ ಗೋತ್ರದವರು ಎರಡೇ ಜನ. ಅವರಿದ್ದದ್ದು ಪಂಕಜಾಕ್ಷಮ್ಮನ ನಡುಮನೆಯಲ್ಲಿ.

ಚೈತ್ರ ಮಾಸದ ಒಂದು ಗುರುವಾರ, ಹನ್ನೊಂದು ಗಂಟೆಗೆ ರಾಜ, ದಿವಾನ, ಪಲ್ಲಕ್ಕಿಯಲ್ಲಿ ಮಹಾಬಲ, ಎಲ್ಲರೂ ಬಂದು ಬಾಗಿಲು ತಟ್ಟಿದರು.

"ಅಮ್ಮಾವ್ರೇ, ಹುಡುಗೀನ ನೋಡೋಕೆ ಬಂದಿದ್ದೀವಿ" ಎಂದ ದಿವಾನ.

"ಈ ಮನೇಲಿ ಹುಡುಗೀರಿಲ್ಲ. ನನಗೆ ಅರವತ್ತಾರು."

"ನಿಮ್ಮನ್ನಲ್ಲ. ಆ ಪೆಟ್ಟಿಗೇನ."

ಪಂಕಜಾಕ್ಷಮ್ಮನ ಹುಬ್ಬು ಮೇಲೆ ಹೋಯಿತು. ಆದರೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದು ಅವಳ ಮನೆಯ ಪದ್ಧತಿಯಲ್ಲ. ಒಳಗೆ ಕರೆದಳು. ಚಾಪೆ ಹಾಕಿದಳು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತು ಮಾಡಬೇಕು. ಹಲ್ಲು ಕಚ್ಚಿಕೊಂಡು ಅದನ್ನೂ ಮಾಡಿದಳು. ಉಪ್ಪಿಟ್ಟು ಉದುರು ಉದುರಾಗಿ ಬಂತು. ಸಿಟ್ಟಿನಲ್ಲಿ ಮಾಡಿದರೂ ಅಡುಗೆ ಕೆಡಬಾರದು.

"ಹುಡುಗಿಗೆ ಹಾಡು ಬರುತ್ತಾ?" ಎಂದು ಕೇಳಿದ ದಿವಾನ, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುತ್ತ.

"ಸ್ಪೀಕರಿಗೆ ಹಾಡು ಬರ್ದೆ ಇನ್ನೇನು, ಹಪ್ಪಳ ಒತ್ತೋಕೆ ಬರುತ್ತಾ?" ಎಂದಳು ಎಡಕ್ಕ.

"ಬಾಯಿ ಸ್ವಲ್ಪ ಜೋರು" ಎಂದ ದಿವಾನ.

"ಜೋರಿರಲಿ. ಜೋರಿರಲಿ ಅಂತ ತಾನೆ ತಗೊಳ್ಳೋದು?" ಎಂದ ರಾಜ.

"ಹುಡುಗ ಏನ್ ಮಾಡ್ಕೊಂಡಿದ್ದಾನೆ?" ಎಂದಳು ಎಡಕ್ಕ.

"ಐನೂರು ವ್ಯಾಟ್ ಮಾಡ್ಕೊಂಡಿದ್ದಾನೆ."

"ಐನೂರು ಇಟ್ಕೊಂಡು ಏನ್ಮಾಡ್ತಾನೆ, ಭತ್ತ ಕುಟ್ತಾನಾ? ನಮ್ಮ ತಾತ ಹತ್ತರಲ್ಲೇ ಇಡೀ ಬೀದಿಗೆ ಕೇಳಿಸ್ತಾನೆ."

ಬುರುಡೆತಾತ ಸಂಕೋಚದಿಂದ ಕೆಮ್ಮಿದ. ಮಹಾಬಲ ನೀಲಿ ದೀಪ ಮಿಟುಕಿಸಿದ. ಅವನಿಗೆ ಅಷ್ಟೇ ಬರುತ್ತಿದ್ದದ್ದು.

ಪಂಕಜಾಕ್ಷಮ್ಮ ಎದ್ದು ನಿಂತಳು. "ಮಹಾಸ್ವಾಮಿಗಳು ಕ್ಷಮಿಸಬೇಕು. ನಾನು ಕೊಡೋದಿಲ್ಲ. ಎಡಕ್ಕನನ್ನೂ ಇಲ್ಲ, ಬಲಕ್ಕನನ್ನೂ ಇಲ್ಲ. ಮಾತು ಮುಗಿಯಿತು."

ರಾಜ ಎದ್ದ, ದಿವಾನ ಎದ್ದ. ಇಲ್ಲಿ ಗಮನವಿಟ್ಟು ಕೇಳಿ, ಏಕೆಂದರೆ ತಪ್ಪಾದದ್ದು ಇಲ್ಲೇ. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ಪಂಕಜಾಕ್ಷಮ್ಮನಿಗೆ ಗೊತ್ತೇ ಇರಲಿಲ್ಲ. ಬೈದು ಕಳಿಸುವುದಾದರೂ ತಾಂಬೂಲ ಕೊಟ್ಟೇ ಕಳಿಸಬೇಕು. ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಎರಡು ಅಡಿಕೆ, ಒಂದು ತೆಂಗಿನಕಾಯಿ ಇಟ್ಟು, ಮುಖ ಆ ಕಡೆ ತಿರುಗಿಸಿ, ತಟ್ಟೆಯನ್ನು ಈ ಕಡೆ ಚಾಚಿದಳು. ರಾಜ ತೆಗೆದುಕೊಂಡ.

ದಿವಾನ ಕಂಕುಳಿನಿಂದ ಕಟ್ಟಳೆ ಪುಸ್ತಕ ಎಳೆದು ಓದಿದ. "ಏಳನೇ ಪುಟ. ಹೆಣ್ಣಿನ ಕಡೆಯ ತಾಂಬೂಲ ಗಂಡಿನ ಕಡೆಯ ಕೈ ಸೇರಿದರೆ ಮದುವೆ ನಿಶ್ಚಯವಾದಂತೆ."

"ನಾನು ಬೇಡ ಅಂದೆ!"

"ಬಾಯಿ ಬೇಡ ಅಂತು, ಅಮ್ಮಾವ್ರೇ. ಕೈ ಬೇಕು ಅಂತು. ಕಟ್ಟಳೆಯಲ್ಲಿ ಕೈ ದೊಡ್ಡದು."

ಪಂಕಜಾಕ್ಷಮ್ಮನ ಮುಖ ತಾತನ ಬುರುಡೆಗಳಿಗಿಂತ ಕೆಂಪಾಯಿತು. ಕೊಟ್ಟದ್ದು ತನ್ನ ಕೈಯೇ. ಕೊಡಲಿಲ್ಲ ಎಂದು ಸುಳ್ಳು ಹೇಳುವವಳಲ್ಲ.

"ಎಡಗಡೆಯವಳನ್ನ ಎತ್ತಿ" ಎಂದ ರಾಜ. "ನನ್ನ ಕಿವಿಗೆ ಹತ್ತಿರ."

"ಒಬ್ಬಳನ್ನಾ?" ಪಂಕಜಾಕ್ಷಮ್ಮನಿಗೆ ತಡೆಯಲಾಗಲಿಲ್ಲ. ತಪ್ಪು ಲೆಕ್ಕ ಕಂಡರೆ, ಅದು ಶತ್ರುವಿನದಾದರೂ, ತಿದ್ದದೆ ಇರಲಾರಳು. "ಸ್ಟೀರಿಯೋ ಅಂದ್ರೆ ಎರಡು ಕಡೆಯಿಂದ ಕೇಳಬೇಕು, ಮಹಾಸ್ವಾಮಿ. ಒಬ್ಬಳನ್ನ ಬಿಟ್ಟರೆ ಇನ್ನೊಬ್ಬಳು ಅರ್ಧ. ತಮ್ಮದೂ ಅರ್ಧ, ನನ್ನದೂ ಅರ್ಧ!"

"ಒಬ್ಬ ಗಂಡಿಗೆ ಇಬ್ಬರು ಹೆಂಡಿರಾ? ಛೆ, ಛೆ!" ಎಂದು ದಿವಾನ ಕಿವಿ ಮುಚ್ಚಿಕೊಂಡ. "ಮೂರನೇ ಪುಟ. ಈ ರಾಜ್ಯದಲ್ಲಿ ಒಬ್ಬನಿಗೆ ಒಬ್ಬಳೇ."

"ಬಲಗಡೆ ಏನೂ ಕೇಳಿಸೋದಿಲ್ಲವಲ್ಲ, ಸ್ವಾಮಿ!"

ರಾಜ ಕಿರೀಟ ಸರಿಮಾಡಿಕೊಂಡ. ಅದು ಇನ್ನಷ್ಟು ಬಲಕ್ಕೆ ಜಾರಿತು. "ಬಲಗಡೆಯಿಂದ ನನಗೆ ಇದುವರೆಗೆ ಒಂದು ದೂರೂ ಬಂದಿಲ್ಲ" ಎಂದ.

ವೈಶಾಖದಲ್ಲಿ ಮದುವೆ ನಡೆಯಿತು. ಮಹಾಬಲನಿಗೆ ಬಾಸಿಂಗ ಕಟ್ಟಿದರು. ತಾಳಿಯ ಬದಲು ಕೆಂಪು ವೈರು ಒಂದು, ಕಪ್ಪು ವೈರು ಒಂದು. ಎಡಕ್ಕ ಪಲ್ಲಕ್ಕಿ ಹತ್ತುವಾಗ ಹೇಳಿದಳು, "ಅಳಬೇಡಿ."

"ಯಾರು ಅಳ್ತಿದ್ದಾರೆ?" ಎಂದು ಪಂಕಜಾಕ್ಷಮ್ಮ ಗದರಿದಳು. ನಿಜವಾಗಿಯೂ ಅಳುತ್ತಿರಲಿಲ್ಲ. ಆ ಮನೆತನದಲ್ಲಿ ಅಳುವಿಗೆ ದಾರಿ ಗೊತ್ತಿರಲಿಲ್ಲ. ಕಣ್ಣಿನ ತನಕ ಬಂದು, ದಾರಿ ತಪ್ಪಿ, ಮೂಗಿನ ತುದಿಯಲ್ಲಿ ಸಿಟ್ಟಾಗಿ ಕೂರುತ್ತಿತ್ತು.

ಭಾನುವಾರ ಬಂತು. ಗಂಜಿ ಹಾಕಿದ ಸೀರೆ, ಏಳು ನೆರಿಗೆ, ರಂಗೋಲಿಯ ತ್ರಿಕೋನ. ಒಂದು ಮೂಲೆ ಖಾಲಿ. ಬಾಗಿಲು ತೆರೆದಳು, ಕೂತಳು. ತಾತ ಬಿಸಿಯಾದ. ಬಲಕ್ಕ ಹಾರ್ಮೋನಿಯಂ ನುಡಿಸಿದಳು. ತಂದೆ ಒಬ್ಬನೇ ಮೂಲೆಯಲ್ಲಿ ಕೂತು ಯಾರಿಗೋ ಕಾಯುತ್ತಿರುವ ಹಾಗೆ ಕೇಳಿಸಿತು. ಹಾರ್ಮೋನಿಯಂ ಮುಗಿಯಿತು. ಆಮೇಲೆ ಸರ್ ಸರ್ ಸದ್ದು. ಆಮೇಲೆ ಅದೂ ಇಲ್ಲ.

"ಮುಗೀತವ್ವಾ" ಎಂದ ತಾತ.

"ಇನ್ನೂ ಹೇಳಿಲ್ಲ."

"ಹೇಳೋಳು ಅರಮನೇಲಿದ್ದಾಳೆ."

ಬಲಕ್ಕನಿಗೆ ನೋಡಲಾಗಲಿಲ್ಲ. ತಾನೇ ಹೇಳಿಬಿಡೋಣ ಎಂದು ಬಾಯಿ ತೆರೆದಳು. "ಪೀಂ, ಪಪೀಂ" ಎಂದು ಹಾರ್ಮೋನಿಯಂ ಬಂತು. ನಾಚಿಕೆಯಿಂದ ಬಾಯ ಮುಂದಿನ ಬಟ್ಟೆ ಬಿಗಿಹಿಡಿದಳು.

"ಹೇಳದೆ ನಾನು ಹಾಕೋದಿಲ್ಲ" ಎಂದಳು ಪಂಕಜಾಕ್ಷಮ್ಮ. "ಅರವತ್ತು ವರ್ಷ ಹೇಳಿದ ಮೇಲೇ ಹಾಕಿದ್ದೇನೆ. ಇವತ್ತು ನಾನಾಗಿ ಹಾಕಿದರೆ, ಹೇಳೋರು ಬೇಕಾಗೇ ಇರಲಿಲ್ಲ ಅಂತಾಗುತ್ತೆ. ಬೇಕಾಗಿತ್ತು."

ಬಾಗಿಲು ತೆರೆದೇ ಉಳಿಯಿತು.

ಸೋಮವಾರ ಒಂದು ನೊಣ ಬಂತು. ಹೊಸ್ತಿಲ ಮೇಲೆ ಕೂತು, "ಬರಬಹುದಾ?" ಎಂದು ಕೇಳಿತು.

"ಬರಬೇಡ ಅನ್ನು ಅಂತ ನನಗೆ ಯಾರೂ ಹೇಳಿಲ್ಲ" ಎಂದಳು ಪಂಕಜಾಕ್ಷಮ್ಮ, ಕುರ್ಚಿಯಿಂದ ಏಳದೆ.

ನೊಣ ಹೋಗಿ ಅಕ್ಕತಂಗಿಯರಿಗೆ ಹೇಳಿತು. ಅವರು ಓರಗಿತ್ತಿಯರಿಗೆ ಹೇಳಿದರು. ಜ್ಯೇಷ್ಠ ಮಾಸ ಬೇರೆ, ಮಾವು ಹಲಸಿನ ಕಾಲ. ನೂರು ಬಂದವು, ಸಾವಿರ ಬಂದವು, ಮನೆ ತುಂಬಿ ಹಿತ್ತಲ ಕಡೆಯಿಂದ ಹೊರಟು ಬೀದಿ ತುಂಬಿದವು. ಬೀದಿ ತುಂಬಿ ಅರಮನೆಗೆ ಹೋದವು. ಅರಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ಮಹಾಬಲನ ಹೊಟ್ಟೆ. ನಾಲ್ಕು ಸಾವಿರ ನೊಣ ಅಲ್ಲಿ ಸಂಸಾರ ಹೂಡಿದವು.

ರಾಜ ಅರಮನೆಯದೊಂದು ರೆಕಾರ್ಡ್ ಹಾಕಿದ. ಹಾಡಿನ ಹಿಂದೆ, "ಗುಂಯ್‌‌‌‌" ಎಂದಿತು.

"ಏನದು?" ಎಂದ.

"ಗುಂಯ್, ಮಹಾಸ್ವಾಮಿ" ಎಂದ ದಿವಾನ.

"ನನಗೆ ಗೊತ್ತು ಗುಂಯ್ ಅಂತ! ಯಾಕೆ ಗುಂಯ್?"

ವೈರಿನ ದೋಷ ಎಂದರು. ತಾಮ್ರದ ವೈರು ತೆಗೆದು ಬೆಳ್ಳಿಯದು ಹಾಕಿದರು. ಗುಂಯ್. ಬೆಳ್ಳಿ ತೆಗೆದು ಬಂಗಾರದ್ದು ಹಾಕಿದರು. ಬಂಗಾರದಂಥ ಗುಂಯ್. ಪೀಠದ ದೋಷ ಎಂದರು. ಕಲ್ಲಿನ ಪೀಠ, ಗಂಧದ ಪೀಠ, ಕೊನೆಗೆ ದಿವಾನನ ಬೆನ್ನ ಮೇಲೇ ಇಟ್ಟು ನೋಡಿದರು. ಗುಂಯ್. "ಹಾಗಾದರೆ ಇದು ಊರಿನ ಸದ್ದು" ಎಂದ ರಾಜ. "ಊರಿಗೆ ಊರೇ ಬಾಯಿ ಮುಚ್ಚಲಿ."

ಡಂಗುರ ಸಾರಿದರು. ಸದ್ದಾಗಬಾರದೆಂದು ಡಂಗುರಕ್ಕೆ ಹತ್ತಿ ಸುತ್ತಿ ಸಾರಿದರು. ಯಾರಿಗೂ ಕೇಳಿಸಲಿಲ್ಲ, ಆದ್ದರಿಂದ ಮನೆಮನೆಗೆ ಹೋಗಿ ಕಿವಿಯಲ್ಲಿ ಹೇಳಿದರು. ರುಬ್ಬುಗುಂಡು ತಿರುಗಬಾರದು. ಕುಕ್ಕರು ಕೂಗಬಾರದು. ಸಾಸಿವೆ ಸಿಡಿಯದ ಹಾಗೆ ಒಗ್ಗರಣೆ ಹಾಕಬೇಕು. ಸೀನು ಬಂದರೆ ಊರಾಚೆ ಹೋಗಿ ಸೀನಿ ಬರಬೇಕು. ಅತ್ತೆ ಸೊಸೆ ಕಣ್ಣಲ್ಲೇ ಜಗಳವಾಡಬೇಕು. ಊರಿಗೆ ಊರೇ ಸಿಟ್ಟಾಯಿತು. ಸದ್ದಿಲ್ಲದೆ ಸಿಟ್ಟಾಗುವುದು ಎಷ್ಟು ಕಷ್ಟ ಎಂದು ಸಿಟ್ಟಾದವರಿಗೇ ಗೊತ್ತು. ಬೀದಿಯಲ್ಲಿ ಜನ ಉಬ್ಬಿಕೊಂಡು ಓಡಾಡುತ್ತಿದ್ದರು.

ಇಡೀ ಊರು ಬಾಯಿ ಮುಚ್ಚಿತು. ಈಗ ಉಳಿದದ್ದು ಒಂದೇ ಸದ್ದು. ಗುಂಯ್.

"ಹುಡುಗಿಗೆ ಗೊರಕೆ" ಎಂದ ರಾಜ. "ಮೋಸ ಮಾಡಿ ಕೊಟ್ಟಿದ್ದಾರೆ."

ಎಡಕ್ಕ ಅದುವರೆಗೆ ಸಹಿಸಿಕೊಂಡಿದ್ದಳು. "ಗೊರಕೆ ನಂದಲ್ಲ. ನಿಮ್ಮ ಹುಡುಗನ ಹೊಟ್ಟೇಲಿ ನೊಣ ಇದೆ."

"ನೊಣ ಎಲ್ಲಿಂದ ಬಂತು?"

"ಬಾಗಿಲಿಂದ."

"ಯಾವ ಬಾಗಿಲು?"

"ನಮ್ಮನೇದು. ತೆಗೆದೇ ಇದೆ. ಪಂಕೂ, ಹಾಕು ಅಂತ ಹೇಳ್ಬೇಕಾದೋಳು ನಾನು. ನನ್ನ ತಂದು ಇಲ್ಲಿ ಕೂರಿಸಿದ್ದೀರಿ."

ರಾಜ ಕುದುರೆ ಹತ್ತಿ ಬಂದ. ದಿವಾನ ಪುಸ್ತಕ ಹಿಡಿದು ಹಿಂದೆ ಓಡಿದ. ಪಂಕಜಾಕ್ಷಮ್ಮ ತ್ರಿಕೋನದ ಮೂರನೇ ಮೂಲೆಯಲ್ಲಿ ನೆಟ್ಟಗೆ ಕೂತಿದ್ದಳು. ಸುತ್ತ ನೊಣಗಳ ಪರದೆ. ಅವಳ ಮೈಮೇಲೆ ಮಾತ್ರ ಒಂದೂ ಕೂತಿರಲಿಲ್ಲ. ಧೈರ್ಯವಾಗಿರಲಿಲ್ಲ.

"ಬಾಗಿಲು ಹಾಕಿ!" ಎಂದ ರಾಜ.

"ಮಾತು ಎದುರಿಂದ ಬಂತು. ನನಗೆ ಎಡಗಡೆಯಿಂದ ಬರಬೇಕು."

ರಾಜ ಓಡಿಹೋಗಿ ಎಡಮೂಲೆಯಲ್ಲಿ ನಿಂತ. "ಬಾಗಿಲು ಹಾಕಿ!"

"ಹಾಕಿ ಅಲ್ಲ, ಹಾಕು. ಹೆಸರು ಹಿಡಿದು ಹೇಳಬೇಕು."

"ಪಂಕಜಾಕ್ಷಮ್ಮಾ, ಬಾಗಿಲು ಹಾಕು!"

"ಆ ಹೆಸರಲ್ಲ."

ದಿವಾನ ರಾಜನ ಎಡಗಿವಿಯಲ್ಲಿ ಏನೋ ಪಿಸುಗುಟ್ಟಿದ. ರಾಜ ದನಿ ಮೆತ್ತಗೆ ಮಾಡಿಕೊಂಡು, "ಪಂಕೂ..." ಎಂದ.

ಪಂಕಜಾಕ್ಷಮ್ಮ ಎದ್ದಳು. ಮನೆ ತುಂಬಿದ್ದ ನೊಣಗಳೆಲ್ಲ ಒಟ್ಟಿಗೆ ಸುಮ್ಮನಾದವು. ಬುರುಡೆತಾತ ಭಯದಿಂದ ತಣ್ಣಗಾದ. "ಪಂಕು ಅನ್ನೋಕೆ ನೀವ್ಯಾರು?" ಎಂದಳು. ಅವಳು ಕೂಗಲಿಲ್ಲ. ಕೂಗಿದ್ದರೆ ರಾಜ ಅಷ್ಟು ಹೆದರುತ್ತಿರಲಿಲ್ಲ. "ನನ್ನ ಉಪ್ಪಿಟ್ಟು ತಿಂದಿರಿ. ಕೈಯಲ್ಲಿ ಕೊಟ್ಟ ತಾಂಬೂಲ ಹಿಡಿದುಕೊಂಡು ಬಾಯಲ್ಲಿ ಹೇಳಿದ ಮಾತನ್ನ ಬಿಸಾಡಿದಿರಿ. ನನ್ನ ಮನೆಯ ಎಡಗಡೆ ಹೊತ್ತುಕೊಂಡು ಹೋದಿರಿ. ಹೊತ್ತುಕೊಂಡು ಹೋದದ್ದು ಏನು ಅಂತ ಕೂಡ ನಿಮಗೆ ಗೊತ್ತಿಲ್ಲ. ಆ ಹೆಸರು ಒಂದು ಉಳಿದಿತ್ತು. ಅದಕ್ಕೂ ಕೈ ಹಾಕ್ತೀರಾ?"

ರಾಜ ಹಿಂದೆ ಸರಿದು ಗೋಡೆಗೆ ತಗುಲಿದ. "ಹಾಗಾದರೆ... ವಾಪಸ್ ಕೇಳ್ತಿದ್ದೀರಾ?"

"ಮದುವೆ ಮಾಡಿಕೊಟ್ಟ ಹೆಣ್ಣನ್ನ ವಾಪಸ್ ಕೇಳೋ ಮನೆತನ ನಮ್ಮದಲ್ಲ." ಪಂಕಜಾಕ್ಷಮ್ಮ ಗೋಡೆಯ ಕ್ಯಾಲೆಂಡರ್ ತೋರಿಸಿದಳು. "ಇವತ್ತು ಬೆಳಗ್ಗೆ ಆರು ಗಂಟೆಗೆ ಹಾಳೆ ತಿರುವಿದೆ. ಆಷಾಢ ಬಂತು. ದಿವಾನರೇ, ನಿಮ್ಮ ಪುಸ್ತಕ ಏನು ಹೇಳುತ್ತೆ?"

ದಿವಾನ ಪುಟ ತಿರುವಿದ. ಅವನ ಮುಖ ಇಳಿಯಿತು. "ಎಂಟನೇ ಪುಟ. ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣು ತವರಿನಲ್ಲಿರಬೇಕು. ಗಂಡಾಗಲಿ ಗಂಡಿನ ಕಡೆಯವರಾಗಲಿ ಆ ಹೊಸ್ತಿಲು ತುಳಿಯಬಾರದು. ಹೆಣ್ಣಿನ ಮನೆಯ ಕ್ಯಾಲೆಂಡರಿನಲ್ಲಿ ಶ್ರಾವಣದ ಹಾಳೆ ತಿರುಗಿದ ದಿನ ಬಂದು ಕರೆದುಕೊಂಡು ಹೋಗಬೇಕು."

"ಹರಿದು ಹಾಕು ಆ ಪುಟಾನ!" ಎಂದ ರಾಜ.

"ಆಗದು, ಮಹಾಸ್ವಾಮಿ. ಇದರ ಆ ಮಗ್ಗುಲು ಏಳನೇ ಪುಟ. ತಾಂಬೂಲದ್ದು. ಆಷಾಢ ಹರಿದರೆ ತಾಂಬೂಲವೂ ಹರಿಯುತ್ತೆ. ಮದುವೆಯೇ ಆಗಿಲ್ಲ ಅಂತಾಗುತ್ತೆ."

ರಾಜ ಹರಿದರೂ ಎಡಕ್ಕ ಹೋಗುತ್ತಾಳೆ, ಹರಿಯದಿದ್ದರೂ ಹೋಗುತ್ತಾಳೆ. ಬೆರಳು ಮಡಚಿ ಲೆಕ್ಕ ಹಾಕಿದ. "ಒಂದು ತಿಂಗಳು ತಾನೆ" ಎಂದ.

"ಗಂಡಿನ ಕಡೆಯವರು ಹೊಸ್ತಿಲಿಂದಾಚೆ ನಿಂತು ಮಾತಾಡಿ" ಎಂದಳು ಪಂಕಜಾಕ್ಷಮ್ಮ. "ಆಷಾಢ."

ಎಡಕ್ಕ ಪಲ್ಲಕ್ಕಿಯಲ್ಲಿ ಬಂದಳು. ಭಾನುವಾರ ಮೂರು ಗಂಟೆಗೆ ಸರಿಯಾಗಿ ತನ್ನ ಮೂಲೆಯಲ್ಲಿ ಕೂತಳು. "ಅಲ್ಲಿ ಬರೀ ಕಿರುಚಾಟ" ಎಂದಳು. ಬಲಕ್ಕ, "ಪೀಂ" ಎಂದಳು. ತಾತ ಬಿಸಿಯಾದ. ತಾಯಿ ಸಿಟ್ಟಿನಲ್ಲಿ ಲಾಲಿ ಹಾಡಿದಳು. ಮನೆಯೊಳಗಿದ್ದ ನೊಣಗಳೆಲ್ಲ ಎದ್ದು ನೆಟ್ಟಗಾದವು. ಹಾಡು ಮುಗಿಯುವುದರೊಳಗೆ ಸಾಲು ಕಟ್ಟಿ, ಒಂದರ ಹಿಂದೆ ಒಂದು, ತಳ್ಳಾಡದೆ ಹೊರಗೆ ಹೋದವು. ಹಾರ್ಮೋನಿಯಂ ನಿಂತಿತು.

"ಪಂಕೂ, ಬಾಗಿಲು ಹಾಕು. ನೊಣ ಬರುತ್ತೆ."

"ಹಾಕಿದೆ ಅಮ್ಮ" ಎಂದಳು ಪಂಕಜಾಕ್ಷಮ್ಮ. ಎದ್ದು ಬಾಗಿಲು ಹಾಕಿದಳು. ಹಾಕಿದ ಮೇಲೆ ಅಗುಳಿಯ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತಳು.

ತಿಂಗಳು ಮುಗಿಯಿತು. ಶ್ರಾವಣದ ಮೊದಲ ದಿನ ಬೆಳಗ್ಗೆ ಆರು ಗಂಟೆಗೆ ಪಂಕಜಾಕ್ಷಮ್ಮ ಕ್ಯಾಲೆಂಡರಿನ ಮುಂದೆ ನಿಂತಳು. ಹೊರಗೆ ಅರಮನೆಯ ಪಲ್ಲಕ್ಕಿ ಬಂದು ಕೂತಿತ್ತು. ಗಡಿಯಾರ ಆರು ಹೊಡೆಯಿತು. ಅವಳ ಕೈ ಅಭ್ಯಾಸಬಲದಿಂದ ಮೇಲೆ ಹೋಯಿತು. ಹಾಳೆಯ ತುದಿ ಹಿಡಿಯಿತು. ಆರು ಹೊಡೆದು ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಜೀವಮಾನದಲ್ಲಿ ಒಂದು ದಿನವೂ ತಪ್ಪದವಳು, ಬೇಕೆಂದೇ, ತಿಳಿದೂ ತಿಳಿದೂ, ತಪ್ಪಿದಳು. ಹಾಳೆ ಬಿಟ್ಟಳು. ಒಳಗೆ ಹೋಗಿ ಸುತ್ತಿಗೆ ತಂದಳು. ಆಷಾಢದ ನಾಲ್ಕು ಮೂಲೆಗೂ ನಾಲ್ಕು ಮೊಳೆ ಹೊಡೆದಳು. ಮೊಳೆಯ ಮೇಲೆ ಬಿದ್ದ ಒಂದೊಂದು ಏಟೂ ಅರಮನೆಗೆ ಕೇಳಿಸಿತಂತೆ.

ದಿವಾನ ಕಿಟಕಿಯಿಂದ ಇಣುಕಿ ನೋಡಿದ. ಆಷಾಢ. ಪಲ್ಲಕ್ಕಿ ತಿರುಗಿಸಿಕೊಂಡು ಹೋದ. ಮಾರನೇ ದಿನ ಬಂದ. ಆಷಾಢ. ಈಗಲೂ ದಿನಾ ಬೆಳಗ್ಗೆ ಬಂದು ಇಣುಕುತ್ತಾನೆ. ಬೀದಿಯಲ್ಲಿ ಗೌರಿ ಹಬ್ಬವಾಗುತ್ತದೆ, ದೀಪಾವಳಿಯಾಗುತ್ತದೆ, ಎಳ್ಳು ಬೀರುತ್ತಾರೆ. ಪಂಕಜಾಕ್ಷಮ್ಮನ ಮನೆಯಲ್ಲಿ ಯಾವ ಹಬ್ಬವೂ ಇಲ್ಲ. ಒಬ್ಬಟ್ಟು ತಟ್ಟಿ ವರ್ಷಗಳಾದವು. ವರ್ಷವಿಡೀ ಆಷಾಢದ ಗಾಳಿ ಹೊಡೆಯುತ್ತದೆ. ಗಾಳಿ ಬಾಗಿಲು ತೆರೆಯುತ್ತದೆ, ಅಮ್ಮ ಹೇಳುತ್ತಾಳೆ, ಪಂಕು ಹಾಕುತ್ತಾಳೆ. ಮೊದಲು ವಾರಕ್ಕೊಂದು ಸಲ. ಈಗ ದಿನಕ್ಕೊಂದು ಸಲ.

ರಾಜನಿಗೇನಾಯಿತು ಎಂದು ಕೇಳಬೇಡಿ, ಹೇಳುತ್ತೇನೆ. ಸಾಲುಗಟ್ಟಿ ಹೋದ ನೊಣಗಳು ನೇರ ಅರಮನೆಗೇ ಹೋದವು. ಅಲ್ಲಿ ಬಾಗಿಲು ಹಾಕು ಎನ್ನುವವರು ಯಾರೂ ಇರಲಿಲ್ಲ. ಮಹಾಬಲನ ಹೊಟ್ಟೆಯಲ್ಲಿ ಈಗ ಲಕ್ಷ ನೊಣ. ಸ್ಪೀಕರಿಲ್ಲ, ಹಾಡಿಲ್ಲ. ರಾಜ ನೀಲಿ ದೀಪದ ಮುಂದೆ ಎಡಗಿವಿ ಕೊಟ್ಟು ಕೂರುತ್ತಾನೆ. "ಗುಂಯ್" ಎನ್ನುತ್ತದೆ. "ಆಹಾ" ಎನ್ನುತ್ತಾನೆ. "ಎಷ್ಟು ಸ್ವಚ್ಛ! ನಡುವೆ ಹಾಡಿನ ಕಾಟವೇ ಇಲ್ಲ."

ಇದರ ನೀತಿ ಏನೆಂದರೆ, ಸ್ಪೀಕರು ಬೇಕಾದವರು ಜೋಡಿಯನ್ನು ಮುರಿಯಬಾರದು, ಬೇಡ ಎನ್ನುವವರು ತಾಂಬೂಲದ ತಟ್ಟೆಗೆ ಕೈ ಹಾಕಬಾರದು. ಎರಡೂ ಮಾಡಿ ಆದ ಮೇಲೆ ಮನೆಯಲ್ಲಿ ನಾಲ್ಕು ಮೊಳೆ ಇಟ್ಟುಕೊಂಡಿರಬೇಕು. ಕತೆ ಎದ್ದು ಹೊಸ್ತಿಲು ದಾಟಿತು. ನೀವೂ ಏಳಿ. ಕಟ್ಟಕಡೆಗೆ ಹೋಗುವವರು ಬಾಗಿಲು ಹಾಕಿ.

ನೊಣ ಬರುತ್ತೆ.